ಗುಡ್ಡದ ಮೇಲಿನ ಮೊಬೈಲು ಯಾರ ಕಣ್ಣಿಗೂ ಬೀಳುವುದಿಲ್ಲವೇ?

ಚಿಕ್ಕಮಗಳೂರು ಜಿಲ್ಲೆಯ ಬಾಳೂರು, ಕೆಳಗೂರು, ಕೊಟ್ಟಿಗೆಹಾರದ ಕಡೆ ಇಂದಿಗೂ ಸಿಗ್ನಲ್ ಸಿಗದ ತಿರುವುಗಳಿವೆ. ಅದಕ್ಕೇ ಇರಬೇಕು, ಸೈಬರ್ ಅಪರಾಧವೆಲ್ಲ ಬೆಂಗಳೂರಿನವರ ತಲೆನೋವು, ತೋಟದ ನಡುವೆ ಕೂತವನನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಮಾತು ಇಲ್ಲಿ ಸಲೀಸಾಗಿ ಬಾಯಿಗೆ ಬರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಫೋಟೊ, ವಿಡಿಯೊಗಳ ವಿಷಯದಲ್ಲಿ ಈ ಮಾತು ಪೂರಾ ತಪ್ಪು.

ಗೂಗಲ್, ಮೆಟಾ, ಮೈಕ್ರೊಸಾಫ್ಟ್‌ನಂಥ ಕಂಪನಿಗಳು ಅಮೆರಿಕದವು. ಇಂಥ ಚಿತ್ರ ತಮ್ಮ ಸೇವೆಯಲ್ಲಿ ಕಣ್ಣಿಗೆ ಬಿದ್ದರೆ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ವರದಿ ಮಾಡಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. 1984ರಲ್ಲಿ ಶುರುವಾದ ಈ ಸಂಸ್ಥೆ 1998ರಿಂದ ಆನ್‌ಲೈನ್ ದೂರುಗಳನ್ನು ಪಡೆಯುತ್ತಿದೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2019ರಲ್ಲಿ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಭಾರತಕ್ಕೆ ಸೇರಿದ ಸುಳಿವುಗಳು ಬ್ಯೂರೊಗೆ ಬಂದು, ಅಲ್ಲಿಂದ ರಾಜ್ಯಗಳಿಗೆ ಹೋಗುತ್ತವೆ. ಕರ್ನಾಟಕದಲ್ಲಿ ಅವು ಸಿಐಡಿಗೆ ತಲುಪಿ, ಆಮೇಲೆ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೆ ಬರುತ್ತವೆ. ಬಾಳೂರಿನ ಮೊಬೈಲಿನಿಂದ ಹೋದ ಚಿತ್ರದ ಸುದ್ದಿ ಅಮೆರಿಕಕ್ಕೆ ಹೋಗಿ, ದೆಹಲಿ, ಬೆಂಗಳೂರು ದಾಟಿ ಚಿಕ್ಕಮಗಳೂರಿಗೆ ಬರುವ ದಾರಿ ಇದು. 2023ರಲ್ಲಿ ಆ ಸಂಸ್ಥೆಗೆ ಬಂದ ಸುಮಾರು 3.6 ಕೋಟಿ ವರದಿಗಳಲ್ಲಿ ಭಾರತದ ನಂಟಿದ್ದವು 89 ಲಕ್ಷದಷ್ಟು. ಬೇರೆ ಯಾವ ದೇಶದ ಪಾಲೂ ಇಷ್ಟಿರಲಿಲ್ಲ.

ಹಾಗಾದರೆ ಕಂಪನಿಯವರು ನಮ್ಮ ಮನೆಯವರ ಫೋಟೊಗಳನ್ನೆಲ್ಲ ಕೂತು ನೋಡುತ್ತಾರಾ? ಇಲ್ಲ. 2009ರಲ್ಲಿ ಮೈಕ್ರೊಸಾಫ್ಟ್ ಮತ್ತು ಪ್ರೊಫೆಸರ್ ಹ್ಯಾನಿ ಫರೀದ್ ಸೇರಿ ಫೋಟೊಡಿಎನ್‌ಎ ಎಂಬ ತಂತ್ರವನ್ನು ರೂಪಿಸಿದರು. ಪೊಲೀಸರ ಕೈಗೆ ಹಿಂದೆಯೇ ಸಿಕ್ಕ ಒಂದೊಂದು ಚಿತ್ರಕ್ಕೂ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು ಅದು ಕಟ್ಟುತ್ತದೆ. ಹೊಸದಾಗಿ ಅಪ್‌ಲೋಡ್ ಆಗುವ ಚಿತ್ರದ ಸಂಖ್ಯೆಯನ್ನು ಯಂತ್ರವೇ ಆ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಅಳತೆ ಕುಗ್ಗಿಸಿದರೂ, ಬಣ್ಣ ಸ್ವಲ್ಪ ಬದಲಿಸಿದರೂ ಪತ್ತೆಯಾಗುತ್ತದೆ.

ತೊಡಕಿರುವುದು ಪಟ್ಟಿಯಲ್ಲಿಲ್ಲದ ಹೊಸ ಚಿತ್ರಗಳಲ್ಲಿ. ಅವುಗಳನ್ನು ಕೃತಕ ಬುದ್ಧಿಮತ್ತೆ ಅಂದಾಜಿನಿಂದ ಗುರುತಿಸುತ್ತದೆ, ಅಂದಾಜು ತಪ್ಪುವುದೂ ಉಂಟು. ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆ ಡಾಕ್ಟರಿಗೆ ಕಳಿಸಲೆಂದು ತನ್ನ ಪುಟ್ಟ ಮಗನ ಫೋಟೊ ತೆಗೆದಿದ್ದ. ಗೂಗಲ್ ಅದನ್ನು ದೌರ್ಜನ್ಯದ ಚಿತ್ರವೆಂದು ವರದಿ ಮಾಡಿತು, ಅವನ ಖಾತೆಯನ್ನು ಮುಚ್ಚಿತು. ಪೊಲೀಸರು ವಿಚಾರಿಸಿ ಅಪರಾಧವೇನೂ ಇಲ್ಲವೆಂದರು. 2022ರಲ್ಲಿ ಈ ಸಂಗತಿ ಪತ್ರಿಕೆಯಲ್ಲಿ ಬಂತು. ಆದ್ದರಿಂದ ಕಂಪನಿ ವರದಿ ಕೊಟ್ಟ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ.

ಸುಳಿವಿನಲ್ಲಿ ಸಾಮಾನ್ಯವಾಗಿ ಇರುವುದು ಖಾತೆಯ ವಿವರ, ಐಪಿ ವಿಳಾಸ, ದಿನ ಮತ್ತು ಗಳಿಗೆ. ಐಪಿ ವಿಳಾಸ ಹೇಳುವುದು ಇಂಟರ್‌ನೆಟ್ ಯಾರ ಹೆಸರಿನಲ್ಲಿದೆ ಎಂಬುದನ್ನು, ಮೊಬೈಲು ಯಾರ ಕೈಯಲ್ಲಿತ್ತು ಎಂಬುದನ್ನಲ್ಲ. ನಮ್ಮ ಕಡೆ ಹೋಮ್‌ಸ್ಟೇಗಳು ಎಷ್ಟಿವೆ ಎಂದು ಗೊತ್ತೇ ಇದೆ. ವೈಫೈ ಸಂಪರ್ಕ ತೋಟದ ಯಜಮಾನರ ಹೆಸರಿನಲ್ಲಿ, ಬಳಸುವವರು ವಾರಾಂತ್ಯಕ್ಕೆ ಬಂದುಹೋಗುವ ಅತಿಥಿಗಳು. ಮೊಬೈಲ್ ಡೇಟಾದಲ್ಲಂತೂ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ಬಹಳ ಜನ ಹಂಚಿಕೊಂಡಿರುತ್ತಾರೆ. ಪೋರ್ಟ್ ಸಂಖ್ಯೆಯೂ ಸರಿಯಾದ ಸೆಕೆಂಡೂ ಬೇಕು. ವರದಿಯಲ್ಲಿರುವ ಅಂತರರಾಷ್ಟ್ರೀಯ ಸಮಯಕ್ಕೆ ಐದೂವರೆ ತಾಸು ಕೂಡಿಸಲು ಮರೆತರೆ ಬೇರೆ ಯಾರದೋ ಮನೆ ಬಾಗಿಲು ಬಡಿದಂತಾಗುತ್ತದೆ. ಈ ಕೆಲಸಕ್ಕೆ ತರಬೇತಿ ಪಡೆದ ಪೊಲೀಸರೇ ಬೇಕು. ಅದಕ್ಕೆಂದೇ ಬೆಂಗಳೂರಿನ ಸಿಐಡಿ ಕಚೇರಿಯಲ್ಲಿ ಇನ್ಫೋಸಿಸ್ ಫೌಂಡೇಶನ್ ಮತ್ತು ಡೇಟಾ ಸೆಕ್ಯುರಿಟಿ ಕೌನ್ಸಿಲ್ ಆಫ್ ಇಂಡಿಯಾದ ನೆರವಿನಿಂದ ಸೈಬರ್ ತನಿಖೆಯ ತರಬೇತಿ ಕೇಂದ್ರವೊಂದು ನಡೆಯುತ್ತಿದೆ. ತಂತ್ರಜ್ಞಾನ ಕಂಪನಿಗಳ ನೆರವೆಂದರೆ ಸುಳಿವು ಕೊಡುವುದಷ್ಟೇ ಅಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಏನು ಕಳಿಸಿದರೂ ಗುಟ್ಟು ಎಂದು ನಂಬಿದವರೂ ಇದ್ದಾರೆ. ಸಂದೇಶವನ್ನು ಕಂಪನಿ ಓದಲಾರದು, ಅದು ನಿಜ. ಆದರೆ ಪ್ರೊಫೈಲ್ ಚಿತ್ರ, ಗ್ರೂಪಿನ ಹೆಸರು ಮತ್ತು ಚಿತ್ರ ಅದಕ್ಕೆ ಕಾಣುತ್ತವೆ. ಗ್ರೂಪಿನಲ್ಲಿರುವ ಒಬ್ಬರು ‘ರಿಪೋರ್ಟ್’ ಒತ್ತಿದರೆ ಕೊನೆಯ ಐದು ಸಂದೇಶಗಳವರೆಗೆ ಕಂಪನಿಗೆ ಹೋಗುತ್ತವೆ.

ನನ್ನನ್ನು ಹೆಚ್ಚು ಕಾಡುವ ತಪ್ಪು ತಿಳಿವಳಿಕೆ ಬೇರೆ. ಮಗುವನ್ನು ಹಿಂಸಿಸುವ ವಿಡಿಯೊ ಬರುತ್ತದೆ, ಕೆಳಗೆ ‘ಈ ಪಾಪಿ ಸಿಗುವ ತನಕ ಎಲ್ಲರಿಗೂ ಕಳಿಸಿ’ ಎಂಬ ಸಾಲು. ಹೊಟ್ಟೆ ಉರಿದು ಒಳ್ಳೆಯವರೇ ಫಾರ್ವರ್ಡ್ ಮಾಡುತ್ತಾರೆ. ಮಗುವಿಗೆ ಉಪಕಾರವಾಯಿತೆಂದೇ ಅವರ ಎಣಿಕೆ. ಫೇಸ್‌ಬುಕ್ ತಾನು ವರದಿ ಮಾಡಿದ 150 ಖಾತೆಗಳನ್ನು ಪರಿಶೀಲಿಸಿ 2021ರಲ್ಲಿ ಹೇಳಿದ ಪ್ರಕಾರ, ಮುಕ್ಕಾಲು ಪಾಲಿಗೂ ಹೆಚ್ಚು ಜನರಲ್ಲಿ ಕೆಟ್ಟ ಉದ್ದೇಶ ಕಾಣಲಿಲ್ಲ. ಸಿಟ್ಟಿನಿಂದಲೋ ಹುಡುಗಾಟಕ್ಕೋ ಹಂಚಿದವರೇ ಹೆಚ್ಚು. 2020ರ ಅಕ್ಟೋಬರ್, ನವೆಂಬರ್‌ನಲ್ಲಿ ಅದು ಕಳಿಸಿದ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಬರೀ ಆರು ವಿಡಿಯೊಗಳ ನಕಲುಗಳು! ಒಂದೊಂದು ಫಾರ್ವರ್ಡ್‌ಗೂ ಆ ಮಗು ಮತ್ತೊಬ್ಬರ ಕಣ್ಣಿಗೆ ಬೀಳುತ್ತದೆ. ಪೊಲೀಸರ ಮೇಜಿನ ಮೇಲೆ ಹಳೆಯ ವಿಡಿಯೊದ ವರದಿಗಳು ರಾಶಿ ಬಿದ್ದು, ಈಗ ಸಂಕಟದಲ್ಲಿರುವ ಮಗುವಿನ ಸುಳಿವು ಅಡಿಗೆ ಸೇರುತ್ತದೆ.

‘ನೋಡಿದರೆ ತಪ್ಪಿಲ್ಲ, ಹೈಕೋರ್ಟೇ ಹೇಳಿದೆ’ ಎನ್ನುವವರಿಗೂ ಒಂದು ಮಾತು. 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹಾಗೆ ಆದೇಶಿಸಿದ್ದು ಹೌದು. ಕಾನೂನಿನ ಒಂದು ಉಪಕಲಂ ಗಮನಕ್ಕೆ ಬಾರದೆ ಹೋಗಿತ್ತೆಂದು ಅದೇ ತಿಂಗಳು ಅದೇ ನ್ಯಾಯಮೂರ್ತಿಗಳು ಆದೇಶವನ್ನು ಹಿಂಪಡೆದರು. ಮೊದಲ ಸುದ್ದಿ ಊರೂರು ಸುತ್ತಿತು, ಎರಡನೆಯದು ಅಷ್ಟು ಸುತ್ತಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಇಂಥದ್ದನ್ನು ಹುಡುಕಿ ನೋಡುವುದು, ಡೌನ್‌ಲೋಡ್ ಮಾಡುವುದು, ಹಂಚುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಯಿತು. ಕಂಪನಿಗಳು ಅಮೆರಿಕಕ್ಕೆ ವರದಿ ಮಾಡಿ ಕೈತೊಳೆದುಕೊಂಡರೆ ಸಾಲದು, ಪೋಕ್ಸೊ ಕಾಯ್ದೆಯಂತೆ ಇಲ್ಲಿನ ಪೊಲೀಸರಿಗೂ ತಿಳಿಸಬೇಕು ಎಂದಿತು.

ಇಷ್ಟೆಲ್ಲ ಇದ್ದ ಮೇಲೆ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ ಎಂದುಕೊಂಡರೆ ಅದೂ ತಪ್ಪು. ಫೋಟೊ ಇಟ್ಟುಕೊಂಡು ಹುಡುಗಿಯನ್ನು ಹೆದರಿಸುವವನ ಸಂದೇಶ ಮೊದಲು ಕಾಣುವುದು ಹುಡುಗಿಗೆ ಮಾತ್ರ. ಅವಳಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಫೋಟೊ ಅವಳ ಮೊಬೈಲಿನಲ್ಲೇ ಉಳಿಯುತ್ತದೆ, ಅದರ ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಅದನ್ನು ನೋಡಿ ಚಿತ್ರವನ್ನು ತಡೆಯಬಲ್ಲವು. ಆದರೆ ಆ ಸೇವೆಯ ತನಕ ಬರುವ ಧೈರ್ಯ ಅವಳಿಗೆ ಸಿಗಬೇಕಾದ್ದು ಮನೆಯಲ್ಲಿ.

ಮಗು ಹೇಳಿಕೊಂಡರೆ ಬೈಯಬೇಡಿ, ಮೊಬೈಲ್ ಕಸಿದುಕೊಂಡು ಮಾತು ಮುಗಿಸಬೇಡಿ. 1098ಕ್ಕೆ ಕರೆ ಮಾಡಿ, ಇಲ್ಲವೇ ಠಾಣೆಗೆ ತಿಳಿಸಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಗ್ರೂಪಿಗೆ ಅಂಥ ವಿಡಿಯೊ ಬಂದರೆ ಯಾರಿಗೂ ಕಳಿಸದೆ, ಬಂದ ನಂಬರನ್ನೂ ಸಮಯವನ್ನೂ ಬರೆದಿಟ್ಟುಕೊಂಡು ಅಂದೇ ದೂರು ಕೊಡಿ.