ಜೈವಿಕ ಮುದ್ರಣ ಮತ್ತು ಹೈಡ್ರೋಜೆಲ್‌ನ ಹದ

ದೇಹದ ಅಂಗವೊಂದು ಕೆಟ್ಟಾಗ ಬದಲಿ ಅಂಗ ದೊರೆಯುವುದು ಇಂದಿಗೂ ದುರ್ಲಭ. ಆದುದರಿಂದಲೇ, ಜೀವಕೋಶಗಳನ್ನು ಪದರಪದರವಾಗಿ ಇರಿಸಿ ಅಂಗಾಂಶವನ್ನು ಕಟ್ಟುವ ಮೂರು ಆಯಾಮದ ಜೈವಿಕ ಮುದ್ರಣವು ವೈದ್ಯಲೋಕದ ಗಮನವನ್ನು ಸೆಳೆದಿದೆ. ಜೀವಕೋಶಗಳನ್ನು ಬೆರೆಸಿದ ಹೈಡ್ರೋಜೆಲ್ಲೇ ಈ ಮುದ್ರಣದ ಶಾಯಿ.

ಹೇರಳವಾಗಿ ನೀರನ್ನು ಹಿಡಿದಿಟ್ಟುಕೊಂಡೂ ಅದರಲ್ಲಿ ಕರಗದ ಪಾಲಿಮರ್ ಜಾಲವೇ ಹೈಡ್ರೋಜೆಲ್. ಇಂತಹ ವಸ್ತು ದೇಹಕ್ಕೆ ಒಗ್ಗಬಲ್ಲದೆಂದು 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲೀಮ್ ಪ್ರಕಟಿಸಿದರು. ಮೃದು ಕಾಂಟ್ಯಾಕ್ಟ್ ಲೆನ್ಸ್ ಅದರ ಫಲ. ಪುಣೆಗೂ ಈ ವಸ್ತು ಅಪರಿಚಿತವಲ್ಲ. 1950ರಲ್ಲಿ ಉದ್ಘಾಟನೆಗೊಂಡ ಇಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯಲ್ಲಿ ಡಾ. ರಘುನಾಥ ಮಾಶೇಲ್ಕರ್ ಮತ್ತು ಅವರ ಸಹೋದ್ಯೋಗಿಗಳು ನೀರು ಹೀರಿ ಉಬ್ಬುವ ಪಾಲಿಮರುಗಳ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಅಲ್ಲಿ ರೂಪುಗೊಂಡ ‘ಜಲಶಕ್ತಿ’ಯು ತನ್ನ ತೂಕದ ಅನೇಕ ಪಟ್ಟು ನೀರನ್ನು ಹೀರಿಕೊಳ್ಳುವಂತಹುದು.

ಮುದ್ರಣದ ತೊಡಕನ್ನು ಅರಿಯಲು ಚಕ್ಕುಲಿಯ ಒರಳನ್ನು ನೆನೆದರೆ ಸಾಕು. ಹಿಟ್ಟು ತೆಳುವಾದರೆ ಸುರುಳಿ ನಿಲ್ಲದು, ಗಟ್ಟಿಯಾದರೆ ಒತ್ತಲಾಗದು. ಹೈಡ್ರೋಜೆಲ್‌ನ ಪಾಡೂ ಅದೇ. ತೆಳುವಾದುದು ಕುಸಿಯುತ್ತದೆ, ಗಟ್ಟಿಯಾದುದನ್ನು ಸೂಜಿಯಂತಹ ಕೊಳವೆಯಲ್ಲಿ ಒತ್ತಿದಾಗ ಜೀವಕೋಶಗಳು ನಲುಗಿ ಸಾಯುತ್ತವೆ, ಉಳಿದವುಗಳಿಗೂ ಹರಡಿ ಬೆಳೆಯಲು ಎಡೆಯಿರದು.

ಇದಕ್ಕೆ ಪರಿಹಾರಗಳು ಹಲವು. ಒತ್ತಡದಲ್ಲಿ ತೆಳುವಾಗಿ, ಹೊರಬಿದ್ದೊಡನೆ ಗಟ್ಟಿಯಾಗುವ ಮಿಶ್ರಣಗಳನ್ನು ಆರಿಸುವುದು ಒಂದು. ಕಡಲಕಳೆಯಿಂದ ದೊರೆಯುವ ಆಲ್ಜಿನೇಟ್ ಕ್ಯಾಲ್ಸಿಯಂ ಸೋಕಿದೊಡನೆ ಹೆಪ್ಪುಗಟ್ಟುತ್ತದೆ. ಆದರೆ ಜೀವಕೋಶಗಳಿಗೆ ಅದರಲ್ಲಿ ಹಿಡಿತ ಸಿಗದು. ಆದುದರಿಂದ ಹಿಡಿತವೀಯುವ ಜೆಲಾಟಿನ್ನನ್ನು ಅದರೊಡನೆ ಬೆರೆಸುತ್ತಾರೆ. ಬೆಳಕು ಬಿದ್ದಾಗ ಗಟ್ಟಿಯಾಗುವಂತೆ ಜೆಲಾಟಿನ್ನನ್ನು ಮಾರ್ಪಡಿಸುವುದೂ ಉಂಟು. ಮತ್ತೊಂದು ಮೆದುವಾದ ಜೆಲ್‌ನ ಆಸರೆಯೊಳಗೇ ಮುದ್ರಿಸಿ, ಬಳಿಕ ಆ ಆಸರೆಯನ್ನು ಕರಗಿಸುವುದು ಇನ್ನೊಂದು ಉಪಾಯ.

ದೊಡ್ಡ ಅಡಚಣೆ ರಕ್ತನಾಳಗಳದು. ಸೂಕ್ಷ್ಮ ರಕ್ತನಾಳದಿಂದ ಸುಮಾರು 0.2 ಮಿಲಿಮೀಟರಿಗಿಂತ ದೂರವಿರುವ ಜೀವಕೋಶಕ್ಕೆ ಆಮ್ಲಜನಕ ಸಾಲದು. ಆದುದರಿಂದ ತೆಳ್ಳನೆಯ ಅಂಗಾಂಶ ಸಾಧ್ಯವಾದಷ್ಟು ಸುಲಭವಾಗಿ ದಪ್ಪನೆಯ ಅಂಗ ಸಾಧ್ಯವಾಗಿಲ್ಲ. ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಯಕೃತ್ತಿನ ಮಾದರಿಯೂ ಕಿರಿದಾದ ಅಂಗಾಂಶವೇ ಹೊರತು ಪೂರ್ಣ ಯಕೃತ್ತಲ್ಲ.

ಡಯಾಲಿಸಿಸ್‌ನಲ್ಲಿರುವವರ ಮನೆಮಂದಿ ಇದನ್ನು ಅವಶ್ಯ ಗಮನಿಸಬೇಕು. ಮುದ್ರಿಸಿದ ಮೂತ್ರಪಿಂಡವನ್ನು ಇಂದು ಯಾವ ಆಸ್ಪತ್ರೆಯೂ ಜೋಡಿಸುತ್ತಿಲ್ಲ. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ. 1994ರ ಕಾಯಿದೆಯಂತೆ ನಡೆಯುವ ಅಂಗದಾನವೇ ಸದ್ಯದ ಆಸರೆ. ಮರಣಾನಂತರ ಅಂಗದಾನ ಮಾಡುವ ಇಚ್ಛೆಯನ್ನು ಮನೆಯವರಿಗೆ ಇಂದೇ ತಿಳಿಸಿಡುವುದು ಪ್ರತಿಯೊಬ್ಬರಿಗೂ ಸಾಧ್ಯವಾದ ಕಾರ್ಯ.