ಬೆಳಗಿನ ಚಳಿಗೆ ಮುನಿಯುವ ಡೀಸೆಲ್ ಕಾರು

ಕಳೆದ ಜನವರಿಯ ಒಂದು ಬೆಳಗಿನ ಜಾವ. ಪುಣೆಯಿಂದ ಸೊಲ್ಲಾಪುರದ ಮೇಲೆ ವಿಜಯಪುರ ಸೇರಬೇಕಿತ್ತು. ಮಧ್ಯಾಹ್ನ ಅಪ್ಪನ ತಿಥಿ. ಐದು ಗಂಟೆಗೆ ಕೀಲಿ ತಿರುಗಿಸಿದರೆ ಸೆಲ್ಫ್ ಜೋರಾಗಿಯೇ ತಿರುಗುತ್ತಿದೆ, ಇಂಜಿನ್ ಮಾತ್ರ ಹತ್ತುತ್ತಿಲ್ಲ. ಏಳೆಂಟು ಸಲದ ಮೇಲೆ ಗಡಗಡ ನಡುಗುತ್ತಾ ಚಾಲೂ ಆಯಿತು. ಹಿಂದೆ ಬಿಳಿ ಹೊಗೆ, ಮೂಗಿಗೆ ಹಸಿ ಡೀಸೆಲ್ ವಾಸನೆ. ತಿಥಿಗೇನೋ ಮುಟ್ಟಿದೆವು. ಆದರೆ ದಾರಿಯಲ್ಲಿ ಚಹಾಕ್ಕೆ ನಿಂತಾಗಲೂ ಇಂಜಿನ್ ಆರಿಸುವ ಧೈರ್ಯ ಬರಲಿಲ್ಲ.

ಮರಳಿದ ಮೇಲೆ ಒಂದು ಗ್ಯಾರೇಜಿನವರು ಬ್ಯಾಟರಿ, ಸೆಲ್ಫ್ ಮೋಟಾರ್, ಇಂಜೆಕ್ಟರ್ ಮೂರನ್ನೂ ಬದಲಿಸಬೇಕೆಂದರು. ಖರ್ಚು ಕೇಳಿ ಎದೆ ಧಸಕ್ಕೆಂದಿತು. ನಮ್ಮ ಸೊಸೈಟಿಯ ಹತ್ತಿರವೇ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಬಾನೆಟ್ ತೆರೆಯುವ ಮೊದಲೇ ಕೇಳಿದರು:

“ಮಧ್ಯಾಹ್ನ ಗಾಡಿ ಹೆಂಗ ಚಾಲೂ ಆಗತೈತ್ರಿ ಸರ?”

“ಒಂದೇ ಸಲಕ್ಕೆ.”

“ಹಂಗಾರ ಮೊದಲ ಹೀಟರ್ ಪ್ಲಗ್ ನೋಡೂಣ್ರಿ. ಉಳಿದ ಖರ್ಚು ಆಮ್ಯಾಲೆ.”

ಗ್ಯಾರೇಜಿನವರ ಹೀಟರ್ ಪ್ಲಗ್ಗೇ ಪುಸ್ತಕದ ಗ್ಲೋ ಪ್ಲಗ್. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ತಣ್ಣಗಿನ ಲೋಹ ಆ ಶಾಖವನ್ನು ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೆ ಒಂದರಂತೆ ಈ ಪ್ಲಗ್. ಅದರ ತುದಿ ಕೆಲವೇ ಸೆಕೆಂಡುಗಳಲ್ಲಿ 800 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗೆ ಕಾಯುತ್ತದೆ. ಡ್ಯಾಶ್‌ಬೋರ್ಡಿನ ಸುರುಳಿಯಾಕಾರದ ಹಳದಿ ದೀಪ ಇದರದ್ದೇ. ಅದು ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು. ಗಾಡಿ ಓಡುವಾಗ ಅದು ಮಿಣುಕಿದರೆ ಹಲವು ಕಾರುಗಳಲ್ಲಿ ದೋಷದ ಸೂಚನೆ.

ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆಗಿದ್ದರೆ ಮಲ್ಟಿಮೀಟರ್ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 10ರ ಕೆಳಗೆ ಕುಸಿದರೆ ಶಂಕೆ ಬ್ಯಾಟರಿಯ ಮೇಲೆ. ಬಿಸಿ ಇಂಜಿನ್ನೂ ಹತ್ತದಿದ್ದರೆ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿಯಂಥ ಬೇರೆ ಕಾರಣ ಹುಡುಕಬೇಕು.

ನಂತರ ಪ್ಲಗ್. ಕೀಲಿ ತೆಗೆದು, ಇಂಜಿನ್ ತಣ್ಣಗಿರುವಾಗ ಪ್ಲಗ್ಗಿನ ವೈರ್ ಬಿಚ್ಚಿ. ಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಪ್ಲಗ್ಗಿನ ಮೇಲ್ತುದಿಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ. ಸಾಮಾನ್ಯವಾಗಿ 2 ಓಮ್ ಒಳಗೆ ಬಂದರೆ ಒಳಗಿನ ಸುರುಳಿ ಜೀವಂತ. ತಂತಿ ಕಡಿದ ಹಾಗೆ ಏನೂ ಬಾರದಿದ್ದರೆ ಪ್ಲಗ್ ಸುಟ್ಟಿದೆ. ನನ್ನ ಕಾರಿನ ನಾಲ್ಕರಲ್ಲಿ ಎರಡು ಹೀಗೆ ಸತ್ತಿದ್ದವು. ನಾಲ್ಕೂ ಸರಿಯಿದ್ದು, ಕೀಲಿ ತಿರುಗಿಸಿದಾಗ ವೈರಿಗೆ ಕರೆಂಟ್ ಬಾರದಿದ್ದರೆ ಪ್ಲಗ್ ಬದಲಿಸಿ ಪ್ರಯೋಜನವಿಲ್ಲ. ಫ್ಯೂಸ್, ರಿಲೇ ನೋಡಬೇಕು.

ಮೂರು ಎಚ್ಚರಿಕೆ. ಪ್ಲಗ್ಗಿಗೆ ನೇರವಾಗಿ ಬ್ಯಾಟರಿ ಜೋಡಿಸಿ ಪರೀಕ್ಷಿಸಬೇಡಿ. ಹೊಸ ಕಾರುಗಳ ಅನೇಕ ಪ್ಲಗ್ಗುಗಳು 12 ವೋಲ್ಟಿಗಿಂತ ಕಡಿಮೆಯಲ್ಲಿ ಕೆಲಸ ಮಾಡುವಂಥವು, ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಇಂಥ ಕಾರುಗಳಿಗೆ ಸ್ಕ್ಯಾನರ್ ಹಾಕಿಸುವುದೇ ಒಳ್ಳೆಯದು. ಬೇಗ ಹತ್ತಲೆಂದು ಗಾಳಿಯ ದಾರಿಗೆ ಈಥರ್ ಸ್ಪ್ರೇ ಹೊಡೆಯಬೇಡಿ. ಕಾದ ಪ್ಲಗ್ಗಿಗೆ ತಾಗಿ ಸ್ಫೋಟವಾಗಬಹುದು. ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಹಳೆಯ ಪ್ಲಗ್ ಕಚ್ಚಿಕೊಂಡಿರುತ್ತದೆ. ಬಲವಂತ ಮಾಡಿದರೆ ಒಳಗೇ ಮುರಿದು ಸಿಲಿಂಡರ್ ಹೆಡ್ ಇಳಿಸುವ ಪ್ರಸಂಗ ಬರಬಹುದು. ನಮ್ಮವರು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಇಂಜಿನ್ ಬೆಚ್ಚಗಾದ ಮೇಲೆ ನಿಧಾನಕ್ಕೆ ಬಿಚ್ಚಿದರು.

ನಾಲ್ಕನ್ನೂ ಒಟ್ಟಿಗೆ ಬದಲಿಸಿದರೂ ಮೊದಲ ಗ್ಯಾರೇಜು ಹೇಳಿದ ಮೊತ್ತದ ಹತ್ತನೇ ಒಂದು ಭಾಗ ಆಗಲಿಲ್ಲ. ಹಳೆಯ ಬ್ಯಾಟರಿ, ಸೆಲ್ಫ್ ಇಂದಿಗೂ ಗಟ್ಟಿಯಾಗಿವೆ.

ದೆಹಲಿಯ ನಮ್ಮವರಿಗೆ ಈ ತೊಂದರೆ ಡಿಸೆಂಬರಿನಲ್ಲೇ ತಿಳಿಯುತ್ತದೆ. ಮುಂಬಯಿ, ಚೆನ್ನೈನ ಸೆಕೆಯಲ್ಲಿ ಪ್ಲಗ್ ಸತ್ತರೂ ಗೊತ್ತಾಗದಿರಬಹುದು. ಮಹಾಬಳೇಶ್ವರದಲ್ಲೋ ಊಟಿಯಲ್ಲೋ ರಾತ್ರಿ ತಂಗಿದ ಮರುದಿನ ಬೆಳಿಗ್ಗೆ ಕಾರು ಮುನಿಯುತ್ತದೆ. ಚಳಿಗಾಲದಲ್ಲಿ ಊರಿಗೆ ಹೊರಡುವ ಮುಂಚೆ ಒಮ್ಮೆ ಪರೀಕ್ಷಿಸಿಕೊಳ್ಳಿ. ಊರಲ್ಲಿ ನಮಗಾಗಿ ಕಾಯುವವರಿರುತ್ತಾರೆ.