ಮಾರುವ ವಿದ್ಯೆಯ ಆಯವ್ಯಯ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬಿದ್ದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಪ್ರಕಟಣೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಕಾಲಕ್ಕೆ, ಬಿ.ಕಾಂ. ಅಥವಾ ಬಿ.ಬಿ.ಎ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಎಂ.ಬಿ.ಎ.ಗೆ ಸೇರಿಸುವುದೋ ಬೇಡವೋ, ಸೇರಿಸಿದರೆ ಮಾರ್ಕೆಟಿಂಗ್ ವಿಷಯವನ್ನು ಹಿಡಿಯುವುದು ಲಾಭವೋ ನಷ್ಟವೋ. ಒಂದು ಎಕರೆ ಜಮೀನು ಕೊಳ್ಳುವಾಗ ಪಹಣಿಯನ್ನೂ ಋಣಭಾರ ಪತ್ರವನ್ನೂ ತರಿಸಿ ನೋಡುವಷ್ಟು ವಿವೇಕಿಗಳಾದ ಗೃಹಸ್ಥರು ಸಹ, ಅಷ್ಟೇ ಹಣವನ್ನು ಬೇಡುವ ಈ ವಿಷಯದಲ್ಲಿ ಮಾತ್ರ ನೆರೆಹೊರೆಯವರ ಮಾತನ್ನೂ ಕಾಲೇಜಿನ ಕರಪತ್ರವನ್ನೂ ನಂಬಿ ನಿಶ್ಚಯಿಸಿಬಿಡುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಈ ಪದವಿಯ ವ್ಯಯವು ನಿಶ್ಚಿತವಾದದ್ದು, ಗೊತ್ತಾದ ತಾರೀಖಿಗೆ ಸಲ್ಲಿಸಲೇಬೇಕಾದದ್ದು. ಅದರ ಆದಾಯವಾದರೋ ಕಾಲೇಜು ಯಾವುದು, ಮೊದಲ ಉದ್ಯೋಗ ಎಂತಹುದು, ವಿದ್ಯಾರ್ಥಿಯ ಸ್ವಭಾವ ಏನು ಎಂಬ ಮೂರರ ಮೇಲೆ ನಿಂತದ್ದು. ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡದಂತೆ ತಡೆಯುವ ಕೆಲವು ನಂಬಿಕೆಗಳು ನಮ್ಮಲ್ಲಿ ಬೇರೂರಿರುವುದರಿಂದ, ಅವುಗಳನ್ನು ಪರಿಶೀಲಿಸುವುದು ಆವಶ್ಯಕವೆಂದು ತೋರುತ್ತದೆ.

ಪದವಿಯಿಲ್ಲದವನು ಮಾರಾಟದ ವಿದ್ಯೆಯನ್ನು ಅರಿಯಲಾರನೆಂಬುದು ಇವುಗಳಲ್ಲಿ ಮೊದಲನೆಯದು. ಈ ಶಾಸ್ತ್ರದ ಅತ್ಯಂತ ಪ್ರಸಿದ್ಧ ಪಠ್ಯಗ್ರಂಥವನ್ನು 1967ರಲ್ಲಿ ಪ್ರಕಟಿಸಿದ ಫಿಲಿಪ್ ಕೋಟ್ಲರ್ ಅವರು ಓದಿದ್ದು ಅರ್ಥಶಾಸ್ತ್ರವನ್ನು. ಡಾಕ್ಟರೇಟ್ ಪಡೆದದ್ದೂ ಅದರಲ್ಲಿಯೇ. ನಮ್ಮ ಮೈಸೂರು ಸಂಸ್ಥಾನವನ್ನೇ ನೋಡಬಹುದು. ಮೊದಲ ಮಹಾಯುದ್ಧದ ದೆಸೆಯಿಂದ ಗಂಧದ ಮರದ ರಫ್ತಿಗೆ ಅಡ್ಡಿಯುಂಟಾಗಿ, ಇಲ್ಲಿಯೇ ಗಂಧದೆಣ್ಣೆ ತೆಗೆದು ಸಾಬೂನು ತಯಾರಿಸುವ ಉದ್ಯಮ ಆರಂಭವಾದಾಗ, ಆ ಸಾಬೂನಿಗೆ ವಿಶಿಷ್ಟವಾದ ಆಕಾರವನ್ನೂ, ಶರಭದ ಲಾಂಛನವನ್ನೂ, ಆಭರಣದ ಪೆಟ್ಟಿಗೆಯನ್ನು ನೆನಪಿಗೆ ತರುವ ಹೊದಿಕೆಯನ್ನೂ ಕೊಟ್ಟು ಜನರ ಮನಸ್ಸಿನಲ್ಲಿ ನಿಲ್ಲಿಸಿದ ಎಸ್.ಜಿ. ಶಾಸ್ತ್ರಿಗಳು ರಸಾಯನ ವಿಜ್ಞಾನಿಗಳಾಗಿದ್ದರು. ಆಗ ಭಾರತದಲ್ಲಿ ಐ.ಐ.ಎಂ. ಎಂಬ ಹೆಸರೇ ಇರಲಿಲ್ಲ. ಮೊದಲ ಎರಡು ಸಂಸ್ಥೆಗಳು ಹುಟ್ಟಿದ್ದು 1961ರಲ್ಲಿ, ಬೆಂಗಳೂರಿನದು 1973ರಲ್ಲಿ. ಮಾರಾಟದ ಮರ್ಮವು ಪದವಿಯ ಸೊತ್ತಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ಇಷ್ಟರಿಂದಲೇ ಪದವಿಯ ಪ್ರಯೋಜನವನ್ನು ಅಲ್ಲಗಳೆಯುವುದೂ ಸಮೀಚೀನವಲ್ಲ. ದೊಡ್ಡ ಕಂಪನಿಗಳು ಮ್ಯಾನೇಜ್‌ಮೆಂಟ್ ಟ್ರೇನಿ ಎಂಬ ಹೆಸರಿನಲ್ಲಿ ಯುವಕರನ್ನು ನೇರವಾಗಿ ಮೇಲ್ದರ್ಜೆಗೆ ತೆಗೆದುಕೊಳ್ಳುವಾಗ ಆಯ್ದ ಕೆಲವೇ ಕಾಲೇಜುಗಳಿಗೆ ಹೋಗುತ್ತವೆ. ಆ ಆಯ್ಕೆಯ ಪರಿಧಿಯೊಳಗೆ ನಿಲ್ಲುವ ಅರ್ಹತೆಯೇ ಪದವಿಯಿಂದ ದೊರೆಯುವ ಮುಖ್ಯ ಫಲ. ಆ ಪರಿಧಿಯ ಹೊರಗಿರುವ ಕಾಲೇಜಿನಲ್ಲಿ ಅದೇ ಪಠ್ಯವನ್ನು, ಕೆಲವೊಮ್ಮೆ ಹೆಚ್ಚು ಹಣ ತೆತ್ತು, ಓದಿದವನಿಗೆ ಜ್ಞಾನ ದೊರೆತರೂ ಆ ಫಲ ದೊರೆಯುವುದಿಲ್ಲ.

ಇನ್ನು ವೆಚ್ಚದ ವಿಚಾರ. ಎರಡು ವರ್ಷದ ಶುಲ್ಕವನ್ನು ಕೂಡಿಸಿದರೆ ಖರ್ಚು ತಿಳಿದಂತಾಯಿತು ಎಂದು ಭಾವಿಸುವವರೇ ಬಹುಮಂದಿ. ಮ್ಯಾನೇಜ್‌ಮೆಂಟ್ ಸೀಟು, ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲವೂ ಸೇರಿ ಹತ್ತು ಲಕ್ಷ ರೂಪಾಯಿ ತಗಲುವುದೆಂದೂ, ಅದನ್ನು ವರ್ಷಕ್ಕೆ ಐದು ಲಕ್ಷದಂತೆ ಶೇಕಡಾ 11ರ ಬಡ್ಡಿಗೆ ಸಾಲ ಪಡೆದದ್ದೆಂದೂ ಇಟ್ಟುಕೊಳ್ಳೋಣ. ಬ್ಯಾಂಕುಗಳ ಶೈಕ್ಷಣಿಕ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಈ ಸೌಕರ್ಯವನ್ನು ಕಂಡು, ಆ ಅವಧಿಯಲ್ಲಿ ಬಡ್ಡಿಯೂ ಇಲ್ಲವೆಂದು ತಿಳಿಯುವವರಿದ್ದಾರೆ. ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಮೊದಲನೆಯ ಐದು ಲಕ್ಷಕ್ಕೆ ಮೂರು ವರ್ಷವೂ ಎರಡನೆಯ ಐದು ಲಕ್ಷಕ್ಕೆ ಎರಡು ವರ್ಷವೂ ಬಡ್ಡಿ ಬೆಳೆದು, ಕಂತು ಆರಂಭವಾಗುವ ದಿನ ಅಸಲು ಹನ್ನೆರಡು ಮುಕ್ಕಾಲು ಲಕ್ಷವಾಗಿ ನಿಲ್ಲುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 21,800 ರೂಪಾಯಿ ಕಂತು. ಒಟ್ಟು ಕಟ್ಟುವ ಹಣ ಹದಿನೆಂಟು ಲಕ್ಷವನ್ನು ಮೀರುತ್ತದೆ. ಹದಿನೈದು ವರ್ಷಕ್ಕೆ ಹಿಗ್ಗಿಸಿಕೊಂಡರೆ ಕಂತು 14,500ಕ್ಕೆ ಇಳಿಯುವುದು ನಿಜ, ಆದರೆ ಒಟ್ಟು ಮೊತ್ತ ಇಪ್ಪತ್ತಾರು ಲಕ್ಷಕ್ಕೆ ಏರುತ್ತದೆ. ಇದಲ್ಲದೆ, ಅದೇ ಪದವೀಧರನು ಓದುವ ಬದಲು ತಿಂಗಳಿಗೆ 22,000 ರೂಪಾಯಿಯ ಕೆಲಸವನ್ನು ಹಿಡಿದಿದ್ದರೆ ಎರಡು ವರ್ಷದಲ್ಲಿ ಗಳಿಸಬಹುದಾಗಿದ್ದ ಐದೂಕಾಲು ಲಕ್ಷದಷ್ಟು ಸಂಬಳವನ್ನು ಯಾವ ರಸೀದಿಯೂ ತೋರಿಸುವುದಿಲ್ಲ. ಕೈಗೆ ಬಾರದ ಹಣವಾದುದರಿಂದ ಅದು ಕಣ್ಣಿಗೆ ಕಾಣದಿದ್ದರೂ, ಲೆಕ್ಕದಲ್ಲಿ ಅದು ಖರ್ಚೇ ಸರಿ.

ಸಾಲಪತ್ರಕ್ಕೆ ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ರುಜು ಹಾಕುವುದುಂಟು. ಮಗನಿಗೆ ಕೆಲಸ ದೊರೆಯಲಿಲ್ಲವೆಂಬ ಕಾರಣದಿಂದ ಆ ರುಜುವಿನ ಹೊಣೆ ಇಳಿಯುವುದಿಲ್ಲವೆಂಬುದನ್ನು ಅಂದೇ ಮನಸ್ಸಿಗೆ ತಂದುಕೊಳ್ಳಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಎಂಟು ಲಕ್ಷದವರೆಗೆ ವಾರ್ಷಿಕ ವರಮಾನವಿರುವ ಕುಟುಂಬಗಳಿಗೆ, ಹತ್ತು ಲಕ್ಷದವರೆಗಿನ ಸಾಲದ ಮೇಲೆ ಕಂತು ಆರಂಭವಾಗುವ ಮುನ್ನಿನ ಅವಧಿಗೆ ಶೇಕಡಾ 3ರ ಬಡ್ಡಿ ರಿಯಾಯಿತಿ ಉಂಟು. ಆದರೆ ಅದು ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಸೀಮಿತ. ತಾವು ಸೇರಬಯಸುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸುವುದರಿಂದ, ರಿಯಾಯಿತಿಯ ಜೊತೆಗೆ ಕಾಲೇಜಿನ ಯೋಗ್ಯತೆಯೂ ಒಂದಿಷ್ಟು ತಿಳಿದುಬರುತ್ತದೆ.

ಈಗ ಆದಾಯದ ಕಡೆಗೆ ತಿರುಗೋಣ. "ಪ್ಯಾಕೇಜ್ ಆರು ಲಕ್ಷ" ಎಂದೊಡನೆ ತಿಂಗಳಿಗೆ ಐವತ್ತು ಸಾವಿರ ಕೈಗೆ ಬರುವುದೆಂದು ಮನೆಯವರು ಸಂತೋಷಪಡುತ್ತಾರೆ. ನೇಮಕ ಪತ್ರದ ಜೊತೆಗೆ ಬರುವ ವಿವರಪಟ್ಟಿಯನ್ನು ಸಾಲುಸಾಲಾಗಿ ಓದಿದರೆ ಬೇರೆಯ ಚಿತ್ರ ದೊರೆಯುತ್ತದೆ. ಸಿ.ಟಿ.ಸಿ. ಎಂಬುದು ಆ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಆರು ಲಕ್ಷದಲ್ಲಿ ಮೂಲವೇತನ ಮೂರು ಲಕ್ಷವೆಂದಿಟ್ಟುಕೊಂಡರೆ, ಭವಿಷ್ಯನಿಧಿಗೆ ಕಂಪನಿ ಕಟ್ಟುವ ಶೇಕಡಾ 12ರ ಪಾಲು 36,000. ಸಾಮಾನ್ಯವಾಗಿ ಐದು ವರ್ಷ ಸೇವೆ ಮಾಡಿದವನಿಗೆ ಮಾತ್ರ ದೊರೆಯತಕ್ಕ ಗ್ರಾಚ್ಯುಯಿಟಿಯ ಬಾಬ್ತು ಸುಮಾರು 14,400. ವಿಮೆಯದೊಂದು ಒಂಬತ್ತೂವರೆ ಸಾವಿರ. ಇವೆಲ್ಲಕ್ಕಿಂತ ದೊಡ್ಡದಾಗಿ, ಮಾರಾಟದ ಉದ್ಯೋಗಕ್ಕೇ ವಿಶೇಷವಾದ ವೇರಿಯಬಲ್ ಎಂಬ ಬಾಬ್ತು ಶೇಕಡಾ 20ರಂತೆ 1,20,000. ಈ ಕೊನೆಯದು ಟಾರ್ಗೆಟ್ ಮುಟ್ಟಿದರೆ ಮಾತ್ರ, ಅದೂ ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಬರತಕ್ಕದ್ದು; ಟಾರ್ಗೆಟ್ಟಿನ ಗೊತ್ತಾದ ಒಂದು ಭಾಗವನ್ನಾದರೂ ದಾಟದಿದ್ದರೆ ಇದರಲ್ಲಿ ಒಂದು ಕಾಸನ್ನೂ ಕೊಡದಿರುವ ಪದ್ಧತಿಯೂ ಇದೆ. ಇವನ್ನೆಲ್ಲ ಕಳೆದರೆ ಉಳಿಯುವುದು ತಿಂಗಳಿಗೆ 35,000. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 3,000ವೂ ವೃತ್ತಿತೆರಿಗೆ 200ವೂ ಹೋಗಿ, 31,800 ರೂಪಾಯಿ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಹಿಂದೆ ಲೆಕ್ಕ ಹಾಕಿದ ಏಳು ವರ್ಷದ ಕಂತನ್ನು ಇದರಲ್ಲಿ ಕಟ್ಟಿದ ತರುಣನ ಕೈಯಲ್ಲಿ, ಬೆಂಗಳೂರಿನಂತಹ ಊರಿನಲ್ಲಿ ಪಿ.ಜಿ. ಬಾಡಿಗೆಗೂ ಊಟಕ್ಕೂ ಬಸ್ಸಿಗೂ ಸೇರಿ ಉಳಿಯುವುದು ಹತ್ತು ಸಾವಿರ. ಇದು ಊಹೆಯಿಂದ ಕಟ್ಟಿದ ಉದಾಹರಣೆಯಾದರೂ ಇದರ ಒಂದೊಂದು ಸಾಲೂ ಇಂದಿನ ನೇಮಕ ಪತ್ರಗಳಲ್ಲಿ ಕಾಣುವಂತಹುದೇ.

ಆರು ಲಕ್ಷವಾದರೂ ಎಲ್ಲರಿಗೂ ದೊರೆಯುವುದೇ ಎಂಬುದು ಮುಂದಿನ ಪ್ರಶ್ನೆ. ಕರಪತ್ರಗಳು ಅತ್ಯಧಿಕ ಸಂಬಳವನ್ನು ದಪ್ಪಕ್ಷರದಲ್ಲಿಯೂ ಸರಾಸರಿಯನ್ನು ಅದರ ಕೆಳಗೂ ಅಚ್ಚುಮಾಡುತ್ತವೆ. ಅರುವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಇಬ್ಬರಿಗೆ ಇಪ್ಪತ್ತು ಲಕ್ಷ, ನಲವತ್ತು ಮಂದಿಗೆ ನಾಲ್ಕು ಲಕ್ಷ ದೊರೆತು, ಉಳಿದ ಹದಿನೆಂಟು ಮಂದಿಗೆ ಏನೂ ದೊರೆಯಲಿಲ್ಲವೆನ್ನೋಣ. ಕೆಲಸ ಸಿಕ್ಕವರನ್ನು ಮಾತ್ರ ಎಣಿಸಿದರೆ ಸರಾಸರಿ ನಾಲ್ಕೂ ಮುಕ್ಕಾಲು ಲಕ್ಷವಾಗುತ್ತದೆ. ಎಲ್ಲರನ್ನೂ ಎಣಿಸಿದರೆ ಮೂರು ಲಕ್ಷ ಮೂವತ್ತಮೂರು ಸಾವಿರಕ್ಕೆ ಇಳಿಯುತ್ತದೆ. ಮೊದಲನೆಯದನ್ನು ಅಚ್ಚುಮಾಡಿದ ಕಾಲೇಜು ಸುಳ್ಳು ಹೇಳಿತೆನ್ನಲಾಗದು. ಆದರೆ ತಂದೆಗೆ ಬೇಕಾದ ಸತ್ಯ ಅದರಲ್ಲಿಲ್ಲ. ಆದುದರಿಂದ ಕೇಳತಕ್ಕದ್ದು ಸರಾಸರಿಯನ್ನಲ್ಲ. ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ವಿದ್ಯಾರ್ಥಿಗೆ ಎಷ್ಟು ದೊರೆಯಿತು, ತರಗತಿಯಲ್ಲಿ ಎಷ್ಟು ಮಂದಿ ಇದ್ದರು, ಅವರಲ್ಲಿ ಎಷ್ಟು ಮಂದಿಗೆ ನೇಮಕವಾಯಿತು, ಆ ಸಂಬಳದಲ್ಲಿ ವೇರಿಯಬಲ್ ಎಷ್ಟು ಎಂಬುದನ್ನು. ಎರಡು ವರ್ಷದ ಹಿಂದೆ ಓದಿ ಹೋದ ನಾಲ್ವರೈವರು ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸಿದರೆ, ಕಚೇರಿಯವರು ಕೊಡದ ಉತ್ತರಗಳೂ ಸಿಕ್ಕುವುವು.

ಮಾರ್ಕೆಟಿಂಗ್ ಓದಿದವರಿಗೆ ತಂಪಾದ ಕೋಣೆಯಲ್ಲಿ ಕುಳಿತು ಜಾಹೀರಾತುಗಳನ್ನು ಯೋಜಿಸುವ ಕೆಲಸ, ಅಂಗಡಿಯಿಂದ ಅಂಗಡಿಗೆ ಅಲೆಯುವುದು ಓದದವರ ಪಾಡು ಎಂಬ ಭ್ರಾಂತಿ ಮತ್ತೊಂದು. ವಸ್ತುತಃ ಈ ಪದವೀಧರರಲ್ಲಿ ಬಹುಪಾಲು ಜನರ ಮೊದಲ ಹುದ್ದೆ ಸೇಲ್ಸ್‌ನದೇ. ದಾವಣಗೆರೆಯಲ್ಲಿಯೋ ಗದಗಿನಲ್ಲಿಯೋ ಬೆಳಗ್ಗೆ ಡಿಸ್ಟ್ರಿಬ್ಯೂಟರನ ಗೋದಾಮಿನಲ್ಲಿ ಸ್ಟಾಕು ನೋಡಿ, ಸೇಲ್ಸ್‌ಮನ್ನನ ಜೊತೆಗೆ ಆ ದಿನದ ಬೀಟಿಗೆ ಹೊರಟು, ಸಂಜೆಯೊಳಗೆ ಮೂವತ್ತು ನಲವತ್ತು ಕಿರಾಣಿ ಅಂಗಡಿಗಳ ಮುಂದೆ ನಿಂತು, "ಹಿಂದಿನ ಸ್ಕೀಮಿನ ಹಣವೇ ಬಂದಿಲ್ಲ, ಹೊಸ ಮಾಲು ಏಕೆ ಸ್ವಾಮಿ?" ಎನ್ನುವ ಅಂಗಡಿಯವನಿಗೆ ಸಮಾಧಾನ ಹೇಳಿ, ಅವಧಿ ಮೀರಿದ ಬಿಸ್ಕತ್ತಿನ ಪೊಟ್ಟಣಗಳನ್ನು ಎಣಿಸಿ ಬರೆದುಕೊಂಡು, ಆರ್ಡರನ್ನು ಫೋನಿಗೆ ತುಂಬುವುದು ಈ ವೃತ್ತಿಯ ನಿತ್ಯಕರ್ಮ. ಇದು ಹೀನವಾದ ಕೆಲಸವಲ್ಲ. ಮಾರುಕಟ್ಟೆಯ ಯಥಾರ್ಥ ಜ್ಞಾನ ದೊರೆಯುವುದು ಇಲ್ಲಿಯೇ, ಮುಂದೆ ಬ್ರ್ಯಾಂಡನ್ನು ನಿರ್ವಹಿಸಬೇಕಾದವರನ್ನು ಕಂಪನಿಗಳು ಮೊದಲು ಈ ಬೀದಿಗೆ ಕಳುಹಿಸುವುದೂ ಇದೇ ಕಾರಣದಿಂದ. ಆದರೆ ಇದನ್ನು ಅರಿಯದೆ ಬಂದವರು ಆರು ತಿಂಗಳಲ್ಲಿ ಕೆಲಸ ಬಿಟ್ಟು, ಸಾಲದ ಕಂತಿನೊಡನೆ ಊರಿಗೆ ಮರಳುವುದುಂಟು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಅನ್ಯಾಯ ಇಮ್ಮಡಿಯಾಗುತ್ತದೆ: ಮಾರ್ಕೆಟಿಂಗ್ ಓದಲು ಹಣ ಹೂಡಿದ ಮನೆಯವರೇ, ಪರಊರಿನ ಸೇಲ್ಸ್ ಹುದ್ದೆ ದೊರೆತಾಗ "ಹೆಣ್ಣುಮಗುವಿಗೆ ಬೀದಿ ಸುತ್ತುವ ಕೆಲಸ ಬೇಡಮ್ಮ" ಎಂದು ತಡೆಯುವರು. ಆ ಸಂದೇಹವಿದ್ದಲ್ಲಿ ಸೇರಿಸುವ ಮೊದಲೇ ಮಗಳೊಡನೆ ಕುಳಿತು ಮಾತನಾಡಬೇಕಿತ್ತು. ಔಷಧ, ಬ್ಯಾಂಕಿಂಗ್, ಸಾಫ್ಟ್‌ವೇರ್ ಮಾರಾಟಗಳಲ್ಲಿ ಸಮರ್ಥವಾಗಿ ದುಡಿಯುತ್ತಿರುವ ಸ್ತ್ರೀಯರನ್ನು ನಾವು ದಿನವೂ ಕಾಣುತ್ತಿದ್ದೇವೆ.

ಇಷ್ಟನ್ನು ಓದಿ, ಹಾಗಾದರೆ ಈ ಪದವಿಯೇ ವ್ಯರ್ಥವೆಂದು ತೀರ್ಮಾನಿಸಿದರೆ ಅದೂ ತಪ್ಪು ಕಲ್ಪನೆಯೇ. ಮಾರಾಟದಲ್ಲಿ ನುರಿತವನ ಆದಾಯ ಅನುಭವದೊಡನೆ ಬೆಳೆಯತಕ್ಕದ್ದು. ಮೊದಲ ವರ್ಷದ ಸಂಬಳ ಅಲ್ಪವಾಗಿದ್ದರೂ ಏರಿಯಾ ಮ್ಯಾನೇಜರ್, ರೀಜನಲ್ ಮ್ಯಾನೇಜರ್ ಎಂಬ ಮೆಟ್ಟಿಲುಗಳಲ್ಲಿ ಎಂ.ಬಿ.ಎ. ಕೇಳುವ ಕಂಪನಿಗಳು ಹಲವು. ಪ್ರಶ್ನೆ ಇರುವುದು ಪದವಿಗೆ ತೆರುವ ಬೆಲೆಯಲ್ಲಿ. ಪಿ.ಜಿ.ಸಿ.ಇ.ಟಿ.ಯಲ್ಲಿ ಒಳ್ಳೆಯ ಸ್ಥಾನ ಪಡೆದು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೋ ಧಾರವಾಡದ ಕೌಸಾಳಿ ಸಂಸ್ಥೆಯಲ್ಲಿಯೋ ಓದಿದವನಿಗೆ ನಾಲ್ಕು ಲಕ್ಷದ ಕೆಲಸ ಸಿಕ್ಕಿದರೂ ಅದು ಲಾಭದ ಓದು. ಹತ್ತು ಹನ್ನೆರಡು ಲಕ್ಷ ತೆತ್ತು ಹೆಸರಿಲ್ಲದ ಕಾಲೇಜಿನಲ್ಲಿ ಓದಿದವನಿಗೆ ಅದೇ ಕೆಲಸವು ಬಹುಕಾಲದ ಋಣವಾಗುತ್ತದೆ. ಬೆಂಗಳೂರಿನ ಐ.ಐ.ಎಂ.ನಲ್ಲಿ ಶುಲ್ಕ ಇಪ್ಪತ್ತು ಲಕ್ಷವನ್ನು ಮೀರಿದ್ದರೂ, ಅಲ್ಲಿಯ ನೇಮಕಗಳನ್ನು ನೋಡಿ ಬ್ಯಾಂಕುಗಳೇ ಧೈರ್ಯದಿಂದ ಸಾಲ ಕೊಡುವುವು. ಮಧ್ಯಮ ದರ್ಜೆಯ ಕಾಲೇಜು ಮಾತ್ರ ಸಿಕ್ಕುವಂತಿದ್ದರೆ, ಮೊದಲು ಎರಡು ವರ್ಷ ಸೇಲ್ಸ್‌ನಲ್ಲಿ ದುಡಿದು, ಆ ಬದುಕು ತನಗೆ ಒಗ್ಗುವುದೇ ಎಂದು ಕಂಡುಕೊಂಡು, ಅನಂತರ ಓದುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ.

ದುಡಿಯುತ್ತಲೇ ದೂರಶಿಕ್ಷಣದ ಮೂಲಕ ಎಂ.ಬಿ.ಎ. ಪಡೆಯಲು ಬಯಸುವವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಆ ಪದವಿಗೆ ಬೆಲೆಯೇ ಇಲ್ಲವೆಂದು ಕೆಲವರೂ, ಯಾವ ವಿಶ್ವವಿದ್ಯಾನಿಲಯದ್ದಾದರೇನೆಂದು ಕೆಲವರೂ ಹೇಳುವುದು ಎರಡೂ ಸರಿಯಲ್ಲ. ಯು.ಜಿ.ಸಿ.ಯ ಮಾನ್ಯತೆಯಿರುವ ದೂರಶಿಕ್ಷಣದ ಪದವಿ, ಬಡ್ತಿಗೆ ಪ್ರಮಾಣಪತ್ರ ಬೇಕಾಗಿರುವ ಉದ್ಯೋಗಿಗೆ ಅಲ್ಪವ್ಯಯದಲ್ಲಿ ದೊರೆಯುವ ಒಳ್ಳೆಯ ಸಾಧನ. ಕ್ಯಾಂಪಸ್ ನೇಮಕವನ್ನು ಮಾತ್ರ ಅದರಿಂದ ನಿರೀಕ್ಷಿಸಬಾರದು. ಸೇರುವ ವರ್ಷಕ್ಕೆ, ಸೇರುವ ವಿಷಯಕ್ಕೆ ಆ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳತಕ್ಕದ್ದು: 2015ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮಾನ್ಯತೆಯನ್ನು ಕಳೆದುಕೊಂಡಾಗ, ಅದು 2018ರಲ್ಲಿ ಮರಳಿ ದೊರೆಯುವವರೆಗೆ, ಓದಿ ಮುಗಿಸಿದ ಅನೇಕ ವಿದ್ಯಾರ್ಥಿಗಳು ತಮ್ಮ ಪ್ರಮಾಣಪತ್ರ ನಡೆಯುವುದೋ ಇಲ್ಲವೋ ಎಂದು ಕಚೇರಿಗಳ ಬಾಗಿಲಲ್ಲಿ ಕಾಯಬೇಕಾಯಿತು.